ನಡುಗಡಲಿನ ಠಸ್ಸೆ

"ಖೋಟಾ ಕಣ್ರೀ ಇದು. ಅಪ್ಪಟ ಖೋಟಾ."

ಸ್ಟಾಂಪು ಅಂಜನಪ್ಪ ಜೆರಾಕ್ಸ್ ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದ. ಅದು ಜಾರಿಕೊಂಡು ಬಂದು ಅಫ್ಸರ್ ಬಾನುವಿನ ಮೊಣಕೈ ಹತ್ತಿರ ನಿಂತಿತು. ಅವಳು ಅದನ್ನು ಮುಟ್ಟಲಿಲ್ಲ. ಅಂಜನಪ್ಪನ ತೋರುಬೆರಳನ್ನೇ ನೋಡುತ್ತ ಕೂತಿದ್ದಳು. ಇಷ್ಟು ಹೊತ್ತು ಹಾಳೆಯ ತುಂಬ ಓಡಾಡಿದ ಆ ಬೆರಳು ಒಂದೇ ಒಂದು ಜಾಗಕ್ಕೆ ಮಾತ್ರ ಹೋಗಿರಲಿಲ್ಲ.

ತುರುವೇಕೆರೆಯ ವಕೀಲೆ ಧನಲಕ್ಷ್ಮಿಯ ಕಚೇರಿ ಅದು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಇವಳದೊಂದು ಕೋಣೆ. ರಾಜಿ ಮಾತಿಗೆಂದು ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಕಡೆಯವರು ಸೇರಿದ್ದರು. ಒಂದು ಕಡೆ ತಿಪಟೂರಿನ ಕೊಬ್ಬರಿ ಮಂಡಿಯ ರಂಗನಾಥ. ಅವನ ಪಕ್ಕಕ್ಕೆ, ಅವನೇ ತುಮಕೂರಿನಿಂದ ಕಾರು ಕಳಿಸಿ ಕರೆಸಿದ್ದ ಹಳೇ ಸ್ಟಾಂಪುಗಳ ವ್ಯಾಪಾರಿ ಅಂಜನಪ್ಪ. ಎದುರಿಗೆ ಧನಲಕ್ಷ್ಮಿಯ ಕಕ್ಷಿದಾರಳಾದ ದಬ್ಬೇಘಟ್ಟದ ಹನುಮಂತಮ್ಮ, ಮತ್ತು ತಿಪಟೂರಿನಲ್ಲಿ ರವಿಕೆ, ಕೋಟು ಹೊಲಿದು ಬದುಕುವ ಬಾನು.

ಜಗಳ ದಬ್ಬೇಘಟ್ಟದ ಎರಡೆಕರೆ ತೆಂಗಿನ ತೋಟದ್ದು. ಅಲ್ಲಿ ಹನುಮಂತಮ್ಮನ ನಾರಿನ ಶೆಡ್ಡಿದೆ, ಇಪ್ಪತ್ತೆರಡು ಹೆಂಗಸರು ಹುರಿ ಹೊಸೆಯುತ್ತಾರೆ. ಹನುಮಂತಮ್ಮನ ಅಜ್ಜ ಸಣ್ಣತಿಮ್ಮಯ್ಯ 1936ನೇ ಇಸವಿ ಮಾರ್ಚ್ ಹದಿನಾರರಂದು ತುರುವೇಕೆರೆಯಲ್ಲಿ ಕೂತು ಆ ತೋಟವನ್ನು ನಮ್ಮ ಹಿರಿಯರಿಗೆ ಬರೆದುಕೊಟ್ಟಿದ್ದಾನೆ ಎಂದು ರಂಗನಾಥ ಕ್ರಯಪತ್ರ ಹಿಡಿದು ಬಂದಿದ್ದ. ಇದರ ನಡುವೆ, ಜಮೀನಿನ ಪತ್ರ ಬರೆಯುವ ಮುದುಕ ಚಿಕ್ಕಹನುಮಯ್ಯ ಕಾಲರ್ ತಿರುಗಿಸಲು ಕೊಟ್ಟ ಕೋಟಿನ ಅಸ್ತರಿನೊಳಗೆ ಬಾನುವಿಗೆ ಒಂದು ಹಳೇ ಖಾಲಿ ಕವರ್ ಸಿಕ್ಕಿತ್ತು. ನಾಲ್ಕು ದಿನಕ್ಕೆ ಆ ಮುದುಕ ಕೆರೆಯಲ್ಲಿ ಹೆಣವಾಗಿ ತೇಲಿದ. ಕಾಲು ಜಾರಿ ಸತ್ತ ಎಂದು ಪೊಲೀಸರು ಬರೆದು ಮುಗಿಸಿದ್ದರು.

ಬಾನು ಮುಗಿಸಿರಲಿಲ್ಲ.

"ಯಾಕೆ ಖೋಟಾ ಅಂತ ಬಿಡಿಸಿ ಹೇಳಿ ಸಾರ್," ಎಂದಳು ಧನಲಕ್ಷ್ಮಿ, ಪೆನ್ನಿನ ಟೋಪಿ ತೆಗೆಯುತ್ತ.

ಅಂಜನಪ್ಪ ಕನ್ನಡಕ ಏರಿಸಿಕೊಂಡ. ಅರವತ್ತರ ಆಚೀಚಿನ ಸಣಕಲು ಮನುಷ್ಯ. ಕಾಲೇಜಿನಲ್ಲಿ ಪಾಠ ಮಾಡುವವನ ಗತ್ತು.

"ಸ್ಟಾಂಪು ಯಾರದು? ಇಂಗ್ಲೆಂಡಿನದು. ಕಂದು ಬಣ್ಣ, ಒಂದೂವರೆ ಪೆನ್ನಿ, ಐದನೇ ಜಾರ್ಜ್ ದೊರೆ ಮುಖ. ಒಪ್ಪಿದೆ. ಮೇಲೆ ಬಿದ್ದಿರೋ ಠಸ್ಸೆ ಎಲ್ಲಿದು? ಪೋರ್ಟ್ ಸೈದ್, ಹದಿನಾಲ್ಕು ಮಾರ್ಚ್ ಮೂವತ್ತಾರು. ಅಂದ್ರೆ ಈಜಿಪ್ಟು. ಇಂಗ್ಲೆಂಡಿನ ಸ್ಟಾಂಪಿಗೆ ಈಜಿಪ್ಟಿನ ಅಂಚೆಯೋರು ಯಾಕ್ರೀ ಠಸ್ಸೆ ಹೊಡೀತಾರೆ? ನಮ್ಮ ದೇಶದ ಸ್ಟಾಂಪು ಅಂಟಿಸಿ ಸಿಂಗಾಪುರದ ಡಬ್ಬಕ್ಕೆ ಹಾಕಿ ನೋಡಿ. ತಗೋತಾರಾ?"

"ಇಲ್ಲ," ಎಂದ ರಂಗನಾಥ ಮೆಲ್ಲಗೆ, ಅಂಜನಪ್ಪನಿಗೆ ತಾಳ ಹಾಕುವಂತೆ.

"ಇನ್ನೂ ಒಂದಿದೆ. ಆ ದೊರೆ ಸತ್ತಿದ್ದು ಮೂವತ್ತಾರನೇ ಇಸವಿ ಜನವರೀಲಿ. ಇದು ಮಾರ್ಚು. ಸತ್ತೋನ ಮುಖದ ಸ್ಟಾಂಪು ಎರಡು ತಿಂಗಳಾದ್ಮೇಲೂ ಮಾರ್ತಾರಾ? ಯಾವನೋ ಹಳೇ ಸ್ಟಾಂಪು ಸಿಕ್ತು ಅಂತ ಅಂಟಿಸಿ, ರಬ್ಬರ್ ಸೀಲು ಕೊರೆಸಿ ಒತ್ತಿದಾನೆ. ಕೋರ್ಟಲ್ಲೂ ಇದನ್ನೇ ಹೇಳ್ತೀನಿ ನಾನು."

ಹನುಮಂತಮ್ಮ ಬಾನುವಿನ ಕಡೆ ತಿರುಗಿದಳು. ಐವತ್ತೈದರ ಹೆಂಗಸು, ನಾರು ಹಿಂಜಿ ಹಿಂಜಿ ಒರಟಾದ ಅಂಗೈ. ಆ ಕೈ ಮೇಜಿನ ಕೆಳಗೆ ಬಾನುವಿನ ಮಂಡಿಯನ್ನು ಒತ್ತಿತು. ಮಾತಾಡು ಎಂಬ ಒತ್ತು ಅದು.

ಅಷ್ಟರಲ್ಲಿ ರಂಗನಾಥ ಮಾತು ತೆಗೆದುಕೊಂಡ. ದನಿ ಏರಿಸುವ ಜಾತಿಯಲ್ಲ ಅವನದು. ಬರುವಾಗ ವಕೀಲರ ಮನೆಗೆಂದು ಒಂದು ಚೀಲ ಉಂಡೆ ಕೊಬ್ಬರಿ ತಂದು ಬಾಗಿಲ ಬಳಿ ಇಟ್ಟಿದ್ದ. ಧನಲಕ್ಷ್ಮಿ ಅದನ್ನು ಅಲ್ಲೇ ಬಿಟ್ಟಿದ್ದಳು.

"ಬಾನಮ್ಮೋರೇ, ನನಗೇನು ಹೆಂಗಸರ ಹೊಟ್ಟೆ ಮೇಲೆ ಹೊಡೆಯೋ ಆಸೆಯಿಲ್ಲ. ಶೆಡ್ಡು ಇರೋ ಜಾಗ ಐದು ಗುಂಟೆ ಬಿಟ್ಕೊಡ್ತೀನಿ. ಹನುಮಂತಮ್ಮೋರು ಸೈನು ಹಾಕಿ ಕೇಸು ಮುಗಿಸ್ಲಿ. ನೀವು ಆ ಕವರ್ ನನ್ನ ಕೈಗೆ ಕೊಡಿ. ಸತ್ತೋನ ಕೋಟಿಂದ ಕಾಗದ ತೆಗೆದು ಮನೇಲಿಟ್ಕೊಂಡಿದೀರಿ. ನಾಳೆ ಅದೇ ಒಂದು ಕೇಸಾದ್ರೆ ನಿಮ್ಮ ಅಂಗಡಿ ಬಾಗ್ಲು ಯಾರು ತೆಗೀತಾರೆ ಹೇಳಿ?"

ಬಾನುವಿನ ಕಿವಿ ಬಿಸಿಯಾಯಿತು. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಒಬ್ಬಳೇ ತೆಗೆದು ಒಬ್ಬಳೇ ಹಾಕಿದ ಬಾಗಿಲು ಅದು.

"ಕವರ್ ಒಪ್ಪಿಸೋಕೆ ಸ್ಟೇಷನ್ನಿಗೆ ಹೋಗಿದ್ದೆ ರಂಗನಾಥಪ್ಪಾರೇ. ರಸೀದಿ ಕೊಡಿ ಅಂದೆ. ಸತ್ತೋನ ಕವರಿಗೆಲ್ಲ ರಸೀದಿ ಇಲ್ಲ ಹೋಗಮ್ಮ ಅಂದ್ರು. ನಾನು ಎಂಟು ರೂಪಾಯಿ ರವಿಕೆ ಬಟ್ಟೆ ಇಸ್ಕೊಂಡ್ರೂ ಚೀಟಿ ಬರೆದು ಕೊಡೋಳು. ಕೇಸು ಹಾಕೋದಿದ್ರೆ ಹಾಕ್ಸಿ. ಅಂಗಡಿ ಬಾಗ್ಲು ಹೆಂಗೆ ತೆಗೀಬೇಕು ಅಂತ ನಂಗೊತ್ತು."

"ಐದು ಗುಂಟೆ ಬಿಟ್ಕೊಡ್ತಾನಂತೆ!" ಹನುಮಂತಮ್ಮ ಗುಡುಗಿದಳು. "ನಮ್ಮ ತೋಟದಾಗೆ ನಮಗೇ ಐದು ಗುಂಟೆ! ನಿನ್ನ ಮಂಡೀಲಿ ಐದು ಅಡಿ ಜಾಗ ನಾನು ನಿಂಗೆ ದಾನ ಕೊಡ್ತೀನಿ, ತಗೋತೀಯೇನಪ್ಪ?"

ಕೆಳಗೆ ಗೊಬ್ಬರದ ಮೂಟೆ ಇಳಿಸುತ್ತಿದ್ದವರು ಯಾರೋ ತಲೆಯೆತ್ತಿ ನೋಡಿದರು. ಧನಲಕ್ಷ್ಮಿ ಎದ್ದು ಕಿಟಕಿ ಮುಚ್ಚಿ ಬಂದಳು.

ಬಾನು ಜೆರಾಕ್ಸ್ ಹಾಳೆಯನ್ನು ಈಗ ಎತ್ತಿಕೊಂಡಳು. ಕವರಿನ ಪೂರ್ತಿ ನಕಲು ಅಲ್ಲ ಅದು. ಸ್ಟಾಂಪು ಮತ್ತು ಠಸ್ಸೆ ಬಿದ್ದ ಬಲಮೂಲೆಯನ್ನಷ್ಟೇ ದೊಡ್ಡದು ಮಾಡಿಸಿದ್ದು. ವಿಳಾಸ ಇಲ್ಲ, ಹಿಂಬದಿ ಇಲ್ಲ. ಎದುರಾಳಿಗೆ ಅಳತೆಗೆ ಬೇಕಾದಷ್ಟೇ ಬಟ್ಟೆ ಕತ್ತರಿಸಿ ಕೊಡೋಣ ಎಂದು ಧನಲಕ್ಷ್ಮಿಗೆ ಹೇಳಿದವಳು ಬಾನುವೇ.

"ಸಾರ್," ಎಂದಳು ಅಂಜನಪ್ಪನಿಗೆ, "ದುಂಡು ಠಸ್ಸೆ ತೋರಿಸಿದ್ರಿ. ಪಕ್ಕದಲ್ಲಿ ಚೌಕ ಕಟ್ಟಿ ಅದರೊಳಗೆ ಒಂದು ಮಾತು ಒತ್ತಿದಾರಲ್ಲ, ಅದನ್ನ ನೀವು ಓದ್ಲೇ ಇಲ್ಲ."

"ಅದಾ? ಮಸಿ ಕದಡಿದೆ."

"ಕದಡಿಲ್ಲ. ಎಂಟು ಇಂಗ್ಲಿಷ್ ಅಕ್ಷರ, ಎಂಟೂ ಎದ್ದು ಕಾಣ್ತಿವೆ. ಪಾಕೆಬೋ. ಫ್ರೆಂಚ್ ಮಾತು. ಅಂಚೆ ಹೊತ್ತ ಹಡಗು ಅಂತ ಅರ್ಥ."

ಅಂಜನಪ್ಪ ಕೆಮ್ಮಿದ.

ಬಾನುವಿನ ತಂದೆ ರಹಮತುಲ್ಲಾ ಅರಸೀಕೆರೆ ದಾರಿಯ ರೈಲಿನ ಅಂಚೆ ಬೋಗಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಕೈಗೆ ಬಂದ ವಿಚಿತ್ರ ಠಸ್ಸೆಗಳನ್ನೆಲ್ಲ ರೈಲಿನ ಕುಲುಕಾಟದಲ್ಲೇ ತೆಳು ಕಾಗದವಿಟ್ಟು ಸೀಸದಕಡ್ಡಿಯಲ್ಲಿ ತೆಗೆದುಕೊಳ್ಳುತ್ತಿದ್ದರು. ಅವರ ಇಪ್ಪತ್ತು ವರ್ಷದ ಆ ದಪ್ಪ ಪುಸ್ತಕ ಈಗಲೂ ಬಾನುವಿನ ಹೊಲಿಗೆ ಮಿಷನ್ನಿನ ಖಾನೆಯಲ್ಲಿದೆ. "ಮುಖ ನೋಡಿ ಸ್ಟಾಂಪಿನ ಬೆಲೆ ಹೇಳೋರು ಊರಿಗೆ ಹತ್ತು ಜನ ಸಿಗ್ತಾರೆ ಬೇಟಿ," ಎನ್ನುತ್ತಿದ್ದರು. "ಮಸಿ ನೋಡಿ ಕಾಗದ ನಡೆದು ಬಂದ ದಾರಿ ಹೇಳು ನೋಡೋಣ." ಊಟದ ತಟ್ಟೆಯ ಮುಂದೆ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ನೋಡು ಎಂದು ಹಾಳೆಯನ್ನು ಅವಳ ಕಡೆಗೇ ತಿರುಗಿಸುತ್ತಿದ್ದರು.

ಈಗ ಅವಳು ಹಾಳೆಯನ್ನು ಅಂಜನಪ್ಪನ ಕಡೆಗೆ ತಿರುಗಿಸಿದಳು.

"ಹಡಗು ಯಾವ ದೇಶದ್ದೋ, ನಡುಗಡಲಲ್ಲಿ ಅದು ಆ ದೇಶದ ನೆಲ ಇದ್ದಂಗೆ. ಇಂಗ್ಲೆಂಡಿನ ಹಡಗಲ್ಲಿ ಕಾಗದ ಬರೆದ್ರೆ ಇಂಗ್ಲೆಂಡಿನ ಸ್ಟಾಂಪೇ ಅಂಟಿಸ್ಬೇಕು. ಹಡಗಿನ ಡಬ್ಬದಲ್ಲಿ ಬಿದ್ದಿದ್ದನ್ನೆಲ್ಲ ಮುಂದಿನ ರೇವಲ್ಲಿ ಇಳಿಸ್ತಾರೆ. ಆ ರೇವಿನ ಅಂಚೆಯೋರು ತಮ್ಮ ಊರ ಠಸ್ಸೆ ಹೊಡೀತಾರೆ. ಬೇರೆ ದೇಶದ ಸ್ಟಾಂಪು ಇದಕ್ಕೆ ಯಾಕೆ ಬಂತು ಅಂತ ಮುಂದೆ ಯಾರೂ ಕೇಳಬಾರದಲ್ಲ, ಅದಕ್ಕೆ ಪಕ್ಕದಲ್ಲಿ ಈ ಮಾತು ಒತ್ತುತಾರೆ. ನೀವು ತಪ್ಪು ಅಂತ ತೋರಿಸ್ತಿದೀರಲ್ಲ, ಇಂಗ್ಲೆಂಡಿನ ಸ್ಟಾಂಪಿಗೆ ಈಜಿಪ್ಟಿನ ಠಸ್ಸೆ ಅಂತ, ಅದು ಹಂಗೇ ಇರ್ಬೇಕು ಸಾರ್. ಹಂಗಿಲ್ಲದಿದ್ರೆ ಖೋಟಾ."

ಧನಲಕ್ಷ್ಮಿಯ ಪೆನ್ನು ಸರಸರ ಓಡುತ್ತಿತ್ತು.

"ರಬ್ಬರ್ ಸೀಲು ಕೊರೆಸಿದಾರೆ ಅಂದ್ರಿ. ಠಸ್ಸೆಯ ಮೇಲ್ಗಡೆ ಅಂಕುಡೊಂಕು ಗೀಟು ಕಾಣ್ತಿದೆಯಲ್ಲ, ನೋಡಿ. ಅದು ಅರಬ್ಬಿ. ಬೂರ್ ಸಯೀದ್ ಅಂತ ಬರೆದಿದೆ. ಆರು ವರ್ಷದೋಳಿದ್ದಾಗಿಂದ ನಾನು ತಿದ್ದಿದ ಅಕ್ಷರ ಅದು. ಒಂದು ಚುಕ್ಕೆ ಆಚೆ ಈಚೆ ಆಗಿಲ್ಲ. ತುಮಕೂರಲ್ಲಿ ಇಷ್ಟು ಚೆನ್ನಾಗಿ ಅರಬ್ಬಿ ಸೀಲು ಕೊರೆಯೋನು ಇದ್ರೆ ವಿಳಾಸ ಕೊಡಿ, ನಮ್ಮ ಜಮಾತಿಗೆ ಬೇಕು."

ಹನುಮಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಇನ್ನು ದೊರೆ ಸತ್ತ ಮಾತು. ಹೊಸಾ ದೊರೆ ಮುಖದ ಸ್ಟಾಂಪು ಬಂದಿದ್ದು ಆ ವರ್ಷ ಸೆಪ್ಟೆಂಬರಿಗೆ. ಅಲ್ಲೀತನಕ ಹಳೇ ದೊರೆಯದ್ದೇ ನಡೀತು. ಇದು ನಿಮಗೆ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ಮೂವತ್ತು ವರ್ಷ ಇದನ್ನೇ ಮಾರಿದೋರು ನೀವು."

ಅಂಜನಪ್ಪನ ಕತ್ತಿನ ನರ ಉಬ್ಬಿತು. ಎದುರಿಗೆ ಕೂತವಳು ಕೈಯಲ್ಲಿ ಬೆರಳುಟೋಪಿಯ ಗುರುತಿರುವ ದರ್ಜಿ ಹೆಂಗಸು. ಬಾಗಿಲ ಬಳಿ ಕಕ್ಷಿದಾರರಿಬ್ಬರು ಕಾಯುತ್ತ ಕೂತಿದ್ದರು, ಅವರೂ ಕೇಳಿಸಿಕೊಳ್ಳುತ್ತಿದ್ದರು. ಸೋಲನ್ನು ಅವನು ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ.

"ಆಯ್ತು ಕಣಮ್ಮ, ನೀನೇ ಪಂಡಿತೆ! ಹಂಗಾದ್ರೆ ಲೆಕ್ಕ ಹೇಳು. ಹದಿನಾಲ್ಕಕ್ಕೆ ಪೋರ್ಟ್ ಸೈದ್ ಬಿಟ್ಟ ಕಾಗದ ಇಪ್ಪತ್ತೆಂಟಕ್ಕೆಲ್ಲ ಹುಳಿಯಾರು ಮುಟ್ತದಾ? ಬೊಂಬಾಯಿಗೆ ಬರೋಕೇ ಹತ್ತು ದಿನ. ಹುಳಿಯಾರಿಗೆ ಆಗ ರೈಲಿತ್ತಾ, ವಿಮಾನ ಇತ್ತಾ?"

ಬಾನು ಉತ್ತರ ಕೊಡಲು ಬಾಯಿ ತೆರೆದವಳು ತಡೆದಳು.

ಅವಳಿಗೆ ಮೊದಲು ಕಂಡದ್ದು ರಂಗನಾಥನ ಮುಖ. ಆ ಮುಖದಿಂದ ಬಣ್ಣ ಇಳಿಯುತ್ತಿತ್ತು.

"ಎಲ್ಲಿಗೆ ಸಾರ್?"

"ಹುಳಿಯಾರಿಗೆ. ಹಿಂದುಗಡೆ ಬಟವಾಡೆ ಠಸ್ಸೆ ಇದೆಯಲ್ಲ."

"ಹಿಂದುಗಡೆ ನಾವು ಜೆರಾಕ್ಸ್ ಮಾಡಿಸೇ ಇಲ್ಲ," ಎಂದಳು ಧನಲಕ್ಷ್ಮಿ, ಬರೆಯುವುದನ್ನು ನಿಲ್ಲಿಸಿ. "ನೀವು ನೋಡಿರೋದು ಈ ಮೂಲೆ ಒಂದೇ."

ಅಂಜನಪ್ಪ ಹಾಳೆಯನ್ನು ನೋಡಿದ, ರಂಗನಾಥನನ್ನು ನೋಡಿದ. ರಂಗನಾಥ ಅವನನ್ನು ನೋಡಲಿಲ್ಲ.

ಬಾನು ಕಾಲ ಬಳಿ ಇದ್ದ ಚೀಲವನ್ನು ಮಡಿಲಿಗೆ ಎತ್ತಿಕೊಂಡಳು. ರವಿಕೆ ಕತ್ತರಿಸುವ ಕಂದು ಕಾಗದದ ಎರಡು ಅಚ್ಚುಗಳ ನಡುವಿನಿಂದ ಅಸಲಿ ಕವರನ್ನು ತೆಗೆದು ಮೇಜಿನ ಮೇಲಿಟ್ಟಳು. ಮುಂಬದಿಯಲ್ಲಿ ದುಂಡು ಕನ್ನಡ ಅಕ್ಷರ, ಕೆಳಗೆ ಬೇರೆ ಯಾರೋ ಬರೆದುಕೊಟ್ಟ ಇಂಗ್ಲಿಷ್: ಶ್ರೀಮತಿ ಲಕ್ಷ್ಮಕ್ಕನಿಗೆ, ದಬ್ಬೇಘಟ್ಟ, ತುರುವೇಕೆರೆ ತಾಲ್ಲೂಕು. ಲಕ್ಷ್ಮಕ್ಕ ಎಂದರೆ ಹನುಮಂತಮ್ಮನ ಅಜ್ಜಿ.

"ಹನುಮಕ್ಕನ ಅಜ್ಜ ಸಣ್ಣತಿಮ್ಮಯ್ಯ ಒಬ್ಬ ಇಂಜಿನಿಯರ್ ಸಾಹೇಬರ ಜತೆ ಅಡುಗೆಗೆ ಅಂತ ಇಂಗ್ಲೆಂಡಿಗೆ ಹೋಗಿದ್ದೋರು. ಬರೋವಾಗ ಹಡಗಿಂದ ಹೆಂಡತಿಗೆ ಬರೆದ ಕಾಗದದ ಕವರ್ ಇದು. ಹದಿನಾಲ್ಕಕ್ಕೆ ಈಜಿಪ್ಟಿನ ರೇವಲ್ಲಿದ್ದ ಮನುಷ್ಯ ಹದಿನಾರಕ್ಕೆ ತುರುವೇಕೆರೇಲಿ ಕೂತು ತೋಟ ಬರ್ಕೊಡೋಕೆ ಆಗಲ್ಲ. ಅದಕ್ಕೇ ಇದು ನಿಮಗೆ ಬೇಕಿತ್ತು ರಂಗನಾಥಪ್ಪಾರೇ. ಅದು ನಂಗೆ ಮೊದಲೇ ಗೊತ್ತಿತ್ತು. ಈಗ ಹಿಂದುಗಡೆ ನೋಡಿ."

ಕವರನ್ನು ಬೆನ್ನು ಮೇಲಾಗಿ ತಿರುಗಿಸಿದಳು.

ಮಡಿಕೆಯ ಮೇಲೆ ಅದೇ ದುಂಡು ಅಕ್ಷರದಲ್ಲಿ ಸಣ್ಣತಿಮ್ಮಯ್ಯ ಎಂಬ ಹೆಸರು. ಅದರ ಕೆಳಗೆ ಕಪ್ಪು ಮಸಿಯ ಬಟವಾಡೆ ಠಸ್ಸೆ. ಊರು ತುರುವೇಕೆರೆ. ತಾರೀಖು ಇಪ್ಪತ್ತೇಳು.

"ಹುಳಿಯಾರು ಎಲ್ಲಿದೆ ಇದರಲ್ಲಿ?"

ಕೆಳಗಡೆ ಮೂಟೆ ಬಿದ್ದ ಸದ್ದಿಗೆ ಹಲಗೆ ನೆಲ ಸಣ್ಣಗೆ ಅದುರಿತು.

"ನೀವು ಬೇರೆ ಕವರ್ ನೋಡಿದೀರಿ," ಎಂದಳು ಬಾನು. ತನ್ನ ಮಾತು ತನಗೇ ಹೊಸದಾಗಿ ಕೇಳಿಸುತ್ತಿತ್ತು. "ಇದೇ ಸ್ಟಾಂಪು, ಇದೇ ಪೋರ್ಟ್ ಸೈದ್ ಠಸ್ಸೆ, ಅದೇ ದಿನದ್ದು. ಈ ಮೂಲೆ ನೋಡಿ ಅದೇ ಕವರ್ ಅಂದ್ಕೊಂಡ್ರಿ. ಆವತ್ತು ಆ ಹಡಗಿಂದ ಸಣ್ಣತಿಮ್ಮಯ್ಯ ಎರಡು ಕಾಗದ ಹಾಕಿದಾರೆ. ಒಂದು ದಬ್ಬೇಘಟ್ಟಕ್ಕೆ, ಒಂದು ಹುಳಿಯಾರಿಗೆ. ಅದನ್ನ ನಿಮ್ಮ ಹತ್ರ ತಂದೋರು ಯಾರು?"

"ನಂಗೇನು ಗೊತ್ತು..."

"ಒಬ್ಬ ಮನುಷ್ಯ ಸತ್ತಿದಾನೆ ಸಾರ್," ಎಂದಳು ಧನಲಕ್ಷ್ಮಿ. "ನೀವು ಹೇಳದಿದ್ರೆ ನಾನು ಕೋರ್ಟಲ್ಲಿ ನಿಮ್ಮನ್ನ ಕಟಕಟೆಗೆ ಹತ್ತಿಸಿ ಕೇಳ್ತೀನಿ. ಆಗ ಸುಳ್ಳು ಹೇಳಿದ್ರೆ ಅದಕ್ಕೆ ಬೇರೆ ಕಲಮಿದೆ."

ಅಂಜನಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಒರೆಸಿ ಮುಗಿದರೂ ಹಾಕಿಕೊಳ್ಳಲಿಲ್ಲ.

"ಚಿಕ್ಕಹನುಮಯ್ಯ ತಂದಿದ್ದ. ಹೋದ ತಿಂಗಳು. ಸ್ಟಾಂಪು ಮಾರ್ಬೇಕು, ಏನು ಬರ್ತದೆ ಅಂದ. ಸ್ಟಾಂಪಿಗೇನೂ ಬರಲ್ಲ ಕಣಯ್ಯ, ಆದ್ರೆ ಹಡಗಿನ ಠಸ್ಸೆ ಇದೆ, ಕವರ್ ಸಮೇತ ಆದ್ರೆ ತಗೋತೀನಿ ಅಂದೆ. ಹಡಗಿಂದು ಅಂತ ಹೆಂಗೆ ಹೇಳ್ತೀಯ ಅಂದ. ನೀನು ಈಗ ಹೇಳಿದ್ದನ್ನೇ ನಾನೂ ಹೇಳ್ದೆ ಕಣಮ್ಮ. ತಾರೀಖು ಓದಿ ಹೇಳ್ದೆ. ಕೇಳಿದ್ದೇ ತಡ ಮುದುಕ ಬೆವೆತು ಹೋದ. ಮಾರಲ್ಲ ಅಂತ ಕಿತ್ಕೊಂಡು ಹೋದ."

"ಯಾರಿಗೆ ಬರೆದಿದ್ದು ಅದು? ಹುಳಿಯಾರಲ್ಲಿ ಯಾರಿಗೆ?"

"ಹೆಂಗಸಿನ ಹೆಸರು. ಚಿಕ್ಕಗೌರಮ್ಮ ಅಂತ..."

"ಮುಚ್ಚೋ ಬಾಯಿ!"

ರಂಗನಾಥ ಎದ್ದು ನಿಂತಿದ್ದ. ಕುರ್ಚಿ ಹಿಂದಕ್ಕೆ ಉರುಳಿ ಕೊಬ್ಬರಿ ಚೀಲಕ್ಕೆ ಬಡಿಯಿತು. ಇಷ್ಟು ಹೊತ್ತಿನ ಬೆಣ್ಣೆಯಂಥ ಮಾತೆಲ್ಲ ಒಂದೇ ಏಟಿಗೆ ಕರಗಿ, ಒಳಗಿನ ಮನುಷ್ಯ ಹೊರಗೆ ಬಂದಿದ್ದ. ಬಾನುವಿಗೆ ಹೆದರಿಕೆಯಾಯಿತು. ಆದರೂ ಅವಳು ಕೂತ ಜಾಗ ಬಿಡಲಿಲ್ಲ. ಕವರಿನ ಮೇಲೆ ಅಂಗೈ ಊರಿದಳು.

"ಚಿಕ್ಕಗೌರಮ್ಮ ನಿಮಗೇನಾಗ್ಬೇಕು ರಂಗನಾಥಪ್ಪಾರೇ?"

ಅವನು ಉಸಿರು ಬಿಡುತ್ತ ನಿಂತ. ಕೊನೆಗೆ, "ನಮ್ಮಜ್ಜಿ," ಎಂದ.

ಹನುಮಂತಮ್ಮ ತಲೆಯೆತ್ತಿದಳು.

"ಏನು ನೋಡ್ತೀಯ? ನಮ್ಮಜ್ಜಿ. ತಾಳಿ ಇಲ್ದೋಳು. ನಿಮ್ಮಜ್ಜ ಹುಳಿಯಾರು ಸಂತೆಗೆ ಬಂದಾಗೆಲ್ಲ ನಮ್ಮನೇಲಿ ಉಣ್ತಿದ್ದ. ನಮ್ಮಪ್ಪನ್ನ ಎತ್ತಾಡಿಸ್ತಿದ್ದ. ಒಂದಿನ ಬರೋದು ನಿಲ್ಲಿಸ್ದ. ನಮ್ಮಪ್ಪ ಸಾಯೋತನಕ ಅಪ್ಪನ ಹೆಸರು ಬರೀಬೇಕಾದಲ್ಲೆಲ್ಲ ಸೋದರಮಾವನ ಹೆಸರು ಬರೆದ. ನಾನು ಮೂವತ್ತು ವರ್ಷ ಮಂಡೀಲಿ ದುಡಿದು ರಂಗನಾಥಪ್ಪೋರು ಅನ್ನಿಸ್ಕೊಂಡಿದೀನಿ. ಯಾವ ಬಾಯಲ್ಲಿ ಕೇಳ್ಲಿ, ನಾನು ಇಂಥೋನ ಮೊಮ್ಮಗ, ನಂಗೂ ಭಾಗ ಕೊಡಿ ಅಂತ? ನಾಯಿ ಅಟ್ಟಿದಂಗೆ ಅಟ್ತಿದ್ರಿ!"

"ಅದಕ್ಕೆ ಕ್ರಯಪತ್ರ ಬರೆಸಿದ್ರಿ," ಎಂದಳು ಬಾನು. ಅಸ್ತರು ಬಿಚ್ಚಿದ ಕೋಟಿನಂತೆ ಒಳಗಿನ ಹೊಲಿಗೆಯೆಲ್ಲ ಈಗ ಕಾಣುತ್ತಿತ್ತು. "ಕೇಳೋದಕ್ಕಿಂತ ಕೊಂಡಿದ್ದು ಅಂದ್ರೆ ಮರ್ಯಾದೆ. ಸೈನು ಹೆಂಗೆ ಅಷ್ಟು ಸರಿಯಾಗಿ ಬಂತು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ನಿಮ್ಮಜ್ಜಿ ಪೆಟ್ಟಿಗೇಲಿದ್ದ ಕಾಗದ ಕೊಟ್ರಿ, ಅದರಲ್ಲಿದ್ದ ಸೈನು ನೋಡಿ ಚಿಕ್ಕಹನುಮಯ್ಯ ತಿದ್ದಿದ. ಹಳೇ ಛಾಪಾ ಕಾಗದಕ್ಕೆ ಒಂದು ತಾರೀಖು ಬೇಕಿತ್ತು, ಕೈಗೆ ಬಂದಿದ್ದು ಹಾಕಿದ. ಇಬ್ಬರೂ ಒಳಗಿನ ಸೈನು ನೋಡಿದ್ರಿ. ಕವರಿನ ಮೇಲಿನ ಠಸ್ಸೆ ಯಾರೂ ಓದ್ಲಿಲ್ಲ."

ರಂಗನಾಥ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಹನುಮಂತಮ್ಮ ನಿಧಾನವಾಗಿ ಎದ್ದಳು. ಮೇಜಿನ ಸುತ್ತ ಬಂದು ಅವನ ಎದುರು ನಿಂತಳು. ಅವನ ಎದೆಮಟ್ಟ ಬರುತ್ತಿದ್ದಳು. ಅವನ ಮೂಗು, ಹುಬ್ಬು, ಕಿವಿಗಳನ್ನು ಒಂದೊಂದಾಗಿ ನೋಡಿದಳು, ಸಂತೆಯಲ್ಲಿ ಕರು ನೋಡುವವಳಂತೆ.

"ಅಟ್ತಿದ್ವೋ ಇಲ್ವೋ, ಬಂದು ನೋಡ್ಬೇಕಿತ್ತು ಕಣಪ್ಪ. ಬಾಗಿಲಿಗೆ ಬಂದು, ಅಕ್ಕಾ, ನಾನು ಇಂಥೋನು ಅನ್ಬೇಕಿತ್ತು. ಆಗ ನಾನು ಅಟ್ಟಿದ್ರೆ ತಪ್ಪು ನಂದು. ನೀನು ಕಳ್ಳ ಪತ್ರ ತಂದೆ. ಕಳ್ಳ ಪತ್ರಕ್ಕೆ ಒಂದು ಕಾಯೂ ಬುಡಲ್ಲ ನಾನು. ಇವತ್ತೂ ಬುಡಲ್ಲ, ನಾಳೆ ಕೋರ್ಟು ನೇಣಿಗೆ ಹಾಕ್ತೀನಿ ಅಂದ್ರೂ ಬುಡಲ್ಲ."

ಒಂದು ಕ್ಷಣ ರಂಗನಾಥನ ಬಾಯಿ ಅದುರಿತು. ಬಾನುವಿಗೆ ಅವನ ಮೇಲೆ ಕನಿಕರ ಬಂತು. ಹಾಗೆಂದು ಕೆರೆಯಲ್ಲಿ ತೇಲಿದ ಮುದುಕನನ್ನು ಮರೆಯುವುದು ಹೇಗೆ?

"ಚಿಕ್ಕಹನುಮಯ್ಯನಿಗೆ ತಾರೀಖಿನ ಗುಟ್ಟು ಗೊತ್ತಾಯ್ತು," ಎಂದಳು. "ಅವನು ಬಾಯಿ ಬಿಟ್ರೆ ನಿಮ್ಮ ಪತ್ರ ಹೋಯ್ತು, ನೀವು ಜೈಲಿಗೆ ಹೋದ್ರಿ. ಅವನು ಸತ್ತಿದ್ದು ಯಾರಿಗೆ ಬೇಕಿತ್ತು ರಂಗನಾಥಪ್ಪಾರೇ?"

"ನಾನು ಕೊಂದಿಲ್ಲ."

"ಮತ್ತೆ ಆ ಹುಳಿಯಾರಿನ ಕವರ್ ಎಲ್ಲಿ?"

"ನನ್ನ ಹತ್ರ ಇಲ್ಲ!" ಅವನು ಮೇಜಿಗೆ ಅಂಗೈ ಅಪ್ಪಳಿಸಿದ. "ಅವನೇ ಇಟ್ಕೊಂಡಿದ್ದ. ಸತ್ತ ದಿನ ಮಧ್ಯಾಹ್ನ ಮೂರು ಗಂಟೆಗೆ ಮಂಡಿಗೆ ಬಂದ. ದಬ್ಬೇಘಟ್ಟಕ್ಕೆ ಬಿಡು, ಇವತ್ತು ಎಲ್ಲ ಬಗೆಹರಿಸಿ ಬತ್ತೀನಿ ಅಂದ. ಕವರ್ ಅಂಗಿ ಜೇಬಲ್ಲಿತ್ತು, ನಾನೇ ನೋಡ್ದೆ. ಹೆಣದ ಮೇಲೆ ಏನೂ ಸಿಗಲಿಲ್ಲ ಅಂತ ಪೊಲೀಸರು ಬರೆದಿದಾರೆ, ಬೇಕಾದ್ರೆ ಓದ್ಕೊಳ್ಳಿ. ನಾನೇ ಜೀಪಲ್ಲಿ ಕೂರಿಸ್ಕೊಂಡು ಹೋಗಿ ಬಿಟ್ಟೆ. ಎಲ್ಲಿ ಬಿಟ್ಟೆ ಅಂತ ಕೇಳಿ! ಈಯಮ್ಮನ ನಾರಿನ ಶೆಡ್ಡಿನ ಗೇಟಲ್ಲಿ. ಗೇಟು ತೆಗೆದು ಅವನನ್ನ ಒಳಗೆ ಕರ್ಕೊಂಡಿದ್ದು ಯಾರು ಅಂತ ಅವಳನ್ನೇ ಕೇಳಿ!"

ಬಾನು ನಗಲು ಹೋದಳು. ಎಂಥ ಸುಳ್ಳು! ಚಿಕ್ಕಹನುಮಯ್ಯನ ಮುಖ ನೋಡಿ ವರ್ಷವಾಯಿತು, ಅಜ್ಜನ ಕೈಬರಹದ ಒಂದು ಚೂರೂ ನಮ್ಮ ಮನೆಯಲ್ಲಿ ಉಳಿದಿಲ್ಲ ಎಂದು ಹನುಮಂತಮ್ಮ ಅವಳ ಅಂಗಡಿಯಲ್ಲೇ ಕೂತು ಹೇಳಿದ್ದಳು. ಆ ಮಾತು ನಂಬಿಯೇ ಬಾನು ಊರನ್ನೆಲ್ಲ ಎದುರು ಹಾಕಿಕೊಂಡಿದ್ದು.

"ಹನುಮಕ್ಕ, ಸುಳ್ಳು ಅನ್ನು. ಮೇಡಂ ಬರ್ಕೊಳ್ಲಿ."

ಹನುಮಂತಮ್ಮ ತಿರುಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಬೆನ್ನು ಮಾತ್ರ ಬಾನುವಿಗೆ ಕಾಣುತ್ತಿತ್ತು. ತಾನೇ ಹೊಲಿದುಕೊಟ್ಟ ನೀಲಿ ರವಿಕೆ, ಹೆಗಲ ಮೇಲೆ ಅಂಟಿದ ನಾರಿನ ಎಳೆಗಳು.

"ಹನುಮಕ್ಕಾ!"

"ಬಂದಿದ್ದ," ಎಂದಳು ಹನುಮಂತಮ್ಮ.

ಧನಲಕ್ಷ್ಮಿಯ ಪೆನ್ನು ನಿಂತಿತು.

"ಎರಡು ಸಲ ಬಂದಿದ್ದ. ಮೊದಲ ಸಲ ಬಂದು, ನಿಮ್ಮನೇಲೂ ಇಂಥದೊಂದು ಹಡಗಿನ ಕವರ್ ಇರ್ಬೇಕಲ್ಲ ಅಂದ. ಇತ್ತು. ಅಜ್ಜಿ ಪೆಟ್ಟಿಗೇಲಿತ್ತು. ತೆಗೆದು ಕೊಟ್ಟೋಳು ನಾನೇ. ಎರಡನೇ ಸಲ ಬಂದಾಗ ಹುಳಿಯಾರಿನ ಕಾಗದ ನನ್ನ ಮುಂದೆ ಓದ್ದ. ಓದಿ, ತಪ್ಪಾಯ್ತು ಕಣವ್ವ, ಕೋರ್ಟಲ್ಲಿ ಒಪ್ಕೋತೀನಿ ಅಂದ. ಆ ಕಾಗದ ಓದೋವಾಗ ಶೆಡ್ಡಿನಾಗೆ ನಾನೊಬ್ಬಳೇ ಇರ್ಲಿಲ್ಲ."

"ಮತ್ತೆ ಯಾರಿದ್ರು?" ಎಂದಳು ಬಾನು. "ಅವನು ಹೊರಟಾಗ ಹಿಂದೆ ಯಾರು ಹೋದ್ರು?"

ಹನುಮಂತಮ್ಮ ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ನಾಚಿಕೆಯಿರಲಿಲ್ಲ. ಐದು ಗುಂಟೆಯ ಮಾತಿಗೆ ಗುಡುಗುವಾಗ ರಂಗನಾಥನನ್ನು ಹೇಗೆ ನೋಡಿದ್ದಳೋ ಈಗ ಬಾನುವನ್ನೂ ಹಾಗೇ ನೋಡಿದಳು.

"ನೋಡಿದೀನಿ ಕಣೇ ಬಾನು. ಯಾರು ಅಂತ ನಂಗೊತ್ತು. ಶೆಡ್ಡಿನ ಇಪ್ಪತ್ತೆರಡು ಹೆಂಗಸರಲ್ಲಿ ಒಬ್ಬಳು, ಆ ಕಾಗದ ಕೋರ್ಟಿಗೆ ಹೋದ್ರೆ ತೋಟ ಪಾಲಾಗಿ ಶೆಡ್ಡು ಮುಚ್ತದೆ ಅಂತ ಹೆದರಿದೋಳು. ಹೆಸರು ಮಾತ್ರ ಹೇಳಲ್ಲ. ಕೋರ್ಟು ಕೇಳಿದ್ರೂ ಹೇಳಲ್ಲ, ನೀನು ಕೇಳಿದ್ರೂ ಹೇಳಲ್ಲ."